ಎಲ್ಲೆ ತೋರುವ ಮಾತುಗಳು: ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’ ಮತ್ತು ಅವುಗಳ ಬಳಗ

ಉದ್ಯೋಗನಿಮಿತ್ತವಾಗಿ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಮಾತಿನಲ್ಲಿ ‘ಅಟ್ ಲೀಸ್ಟ್’ ಎಂಬ ಇಂಗ್ಲಿಷ್ ನುಡಿಗಟ್ಟು ಕನ್ನಡದ್ದೇ ಎನ್ನುವಷ್ಟು ಬೆರೆತುಹೋಗಿದೆ. “ಅಟ್ ಲೀಸ್ಟ್ ಒಂದು ಲೋಟ ಹಾಲನ್ನಾದರೂ ಕುಡಿದು ಹೋಗು” ಎಂದು ಶಾಲೆಗೆ ಹೊರಟ ಮಗುವಿಗೆ ತಾಯಿ ಹೇಳುತ್ತಾಳೆ. ಇಲ್ಲಿ ಅದರ ಅರ್ಥ ಕನ್ನಡದ ‘ಆದರೂ’ ಎಂಬುದಕ್ಕೆ ಸಮ. ಅದೇ ನುಡಿಗಟ್ಟು ಔಷಧದ ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂದಾಗ ಅಳತೆಯ ಮಾತಾಗುತ್ತದೆ. ಅಲ್ಲಿ ಓದುವವರು ತಪ್ಪಿದರೆ ರೋಗಿಯ ದೇಹವು ದಂಡ ತೆರಬೇಕಾಗುತ್ತದೆ. ಆದುದರಿಂದ ಇಂತಹ ನುಡಿಗಟ್ಟುಗಳ ರಚನೆಯನ್ನೂ ಅರ್ಥವನ್ನೂ ಸ್ಪಷ್ಟವಾಗಿ ತಿಳಿದಿರುವುದು ಅಗತ್ಯ.

ರಚನೆಯ ಸ್ವರೂಪ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಗೆ ಸೇರುತ್ತದೆ. ಇಂಗ್ಲಿಷಿನ ಪ್ರಿಪೊಸಿಷನ್ ನಾಮಪದಕ್ಕೆ ಮೊದಲೇ ಬಂದು ನಿಲ್ಲುತ್ತದೆ. ‘ಲೀಸ್ಟ್’, ‘ಮೋಸ್ಟ್’, ‘ಬೆಸ್ಟ್’, ‘ವರ್ಸ್ಟ್’ ಮೊದಲಾದ ಪದಗಳು ಗುಣದ ಕೊನೆಯ ಮೆಟ್ಟಿಲನ್ನು ಹೇಳುವ ಸೂಪರ್ಲೇಟಿವ್ ರೂಪಗಳು. ಇವು ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. ಸಂಸ್ಕೃತದಿಂದ ಬಂದ ಕನಿಷ್ಠ, ಗರಿಷ್ಠ, ಶ್ರೇಷ್ಠ, ಜ್ಯೇಷ್ಠ ಎಂಬ ಪದಗಳ ಕೊನೆಯಲ್ಲಿರುವ ‘ಇಷ್ಠ’ ಪ್ರತ್ಯಯವೂ ಇಂಗ್ಲಿಷಿನ ‘ಎಸ್ಟ್’ ಪ್ರತ್ಯಯವೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ.

ಸೂಪರ್ಲೇಟಿವ್ ಪದದ ಹಿಂದೆ ‘ಅಟ್’ ಸೇರಿದಾಗ ಒಂದು ಎಲ್ಲೆ ಏರ್ಪಡುತ್ತದೆ. ಎಲ್ಲೆಯ ಯಾವ ಬದಿಗೆ ಅನುಮತಿಯಿದೆ, ಯಾವ ಬದಿಗೆ ಇಲ್ಲ ಎಂಬುದನ್ನು ‘ಅಟ್’ನ ಮುಂದಿರುವ ಪದವು ಹೇಳುತ್ತದೆ. ಕನ್ನಡವು ಇದೇ ಕೆಲಸವನ್ನು ‘ಎಂದರೆ’ ಎಂಬ ಪದದಿಂದ ಮಾಡಿಸುತ್ತದೆ: ಕಡಮೆಯೆಂದರೆ, ಹೆಚ್ಚೆಂದರೆ, ತಡವೆಂದರೆ.

ಅಳತೆಯ ಎಲ್ಲೆ

‘ಅಟ್ ಲೀಸ್ಟ್’ ಎಂದರೆ ಕೆಳಗಿನ ಎಲ್ಲೆ: ಅದಕ್ಕಿಂತ ಕಡಮೆಯಾಗಬಾರದು. ‘ಅಟ್ ಮೋಸ್ಟ್’ ಎಂದರೆ ಮೇಲಿನ ಎಲ್ಲೆ: ಅದನ್ನು ಮೀರಬಾರದು. ಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಈ ಎರಡು ಎಲ್ಲೆಗಳೂ ಒಟ್ಟಿಗೆ ಕಾಣಸಿಗುತ್ತವೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ ‘ಅಟ್ ಮೋಸ್ಟ್’ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆಗಳು. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ‘ಅಟ್ ಲೀಸ್ಟ್’ 4 ಗಂಟೆಗಳ ಅಂತರ. ಎರಡನ್ನೂ ಅದಲುಬದಲು ಮಾಡಿಕೊಂಡವರು ಮಾತ್ರೆಗಳನ್ನು ಹೆಚ್ಚಿಸಿ ಅಂತರವನ್ನು ಕುಗ್ಗಿಸುತ್ತಾರೆ. ಯಕೃತ್ತಿಗೆ ತೀವ್ರ ಹಾನಿಯಾಗುವ ಸಂಭವವಿರುತ್ತದೆ. ನೆಗಡಿಯ ಹಲವು ಮಾತ್ರೆಗಳಲ್ಲಿಯೂ ಇದೇ ಔಷಧ ಸೇರಿರುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಕೃತ್ತಿನ ರೋಗವಿರುವವರಿಗೂ ಮದ್ಯಪಾನದ ಚಟವುಳ್ಳವರಿಗೂ ಈ ಎಲ್ಲೆ ಇನ್ನೂ ಕೆಳಗಿರಬಹುದು; ಅದನ್ನು ವೈದ್ಯರೇ ನಿರ್ಧರಿಸಬೇಕು.

ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷಿಸುವ ಮೊದಲು ‘ಅಟ್ ಲೀಸ್ಟ್’ 8 ಗಂಟೆ ಆಹಾರ ಸೇವಿಸಬಾರದೆಂಬ ನಿಯಮವಿದೆ, ನೀರು ಕುಡಿಯಬಹುದು. ಇಲ್ಲಿ 6 ಗಂಟೆ ಸಾಲದು, 9 ಗಂಟೆಯಾದರೆ ಬಾಧಕವಿಲ್ಲ.

ಕಾಲದ ಎಲ್ಲೆ

‘ಅಟ್ ದಿ ಲೇಟೆಸ್ಟ್’ ಎಂದರೆ ತಡವೆಂದರೆ ಅಷ್ಟರೊಳಗೆ ಎಂದರ್ಥ. ‘ಅಟ್ ಲಾಸ್ಟ್’ ಎಂಬುದು ಬೇರೆ. ಅದು ‘ಅಂತೂ ಇಂತೂ, ಕೊನೆಗೆ’ ಎಂಬ ಅರ್ಥ ಕೊಡುತ್ತದೆ. ‘ಲಾಸ್ಟ್’ ಎಂಬುದು ‘ಲೇಟ್’ ಪದದ ಹಳೆಯ ಸೂಪರ್ಲೇಟಿವ್ ರೂಪವಾದರೂ ಇಂದು ಎರಡರ ದಾರಿಗಳೂ ಅಗಲಿವೆ.

‘ಅಟ್ ದಿ ಅರ್ಲಿಯೆಸ್ಟ್’ ಎಂಬಲ್ಲಿ ವಿಶೇಷ ಎಚ್ಚರಿಕೆ ಬೇಕು. ಭಾರತದ ಕಚೇರಿ ಪತ್ರಗಳಲ್ಲಿ ಇದಕ್ಕೆ ‘ಆದಷ್ಟು ಬೇಗನೆ’ ಎಂಬ ಅರ್ಥ ರೂಢಿಯಾಗಿದೆ. ಇಂಗ್ಲೆಂಡಿನ ಬಳಕೆಯಲ್ಲಿ ಅದು ಮುಖ್ಯವಾಗಿ ‘ಅದಕ್ಕಿಂತ ಮೊದಲು ಇಲ್ಲ’ ಎಂಬುದನ್ನು ಸೂಚಿಸುತ್ತದೆ. “ವರದಿ ಫ್ರೈಡೇ ಅಟ್ ದಿ ಅರ್ಲಿಯೆಸ್ಟ್” ಎಂದು ಪ್ರಯೋಗಾಲಯದವರು ಹೇಳಿದರೆ ಶುಕ್ರವಾರಕ್ಕೆ ಮೊದಲು ಸಿಗದು, ಇನ್ನೂ ತಡವಾಗಲೂಬಹುದು ಎಂದು ತಿಳಿಯಬೇಕು. ನಾಯಿ ಕಚ್ಚಿದವರಿಗೆ “ಅಟ್ ದಿ ಅರ್ಲಿಯೆಸ್ಟ್ ಬನ್ನಿ” ಎಂದು ವೈದ್ಯರು ಹೇಳಿದರೆ ಕೂಡಲೇ ಹೊರಡಬೇಕು. ಹೊರಡುವ ಮೊದಲು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ‘ಅಟ್ ಲೀಸ್ಟ್’ 15 ನಿಮಿಷ ತೊಳೆಯಬೇಕು. ದಿನವನ್ನು ಹೆಸರಿಸಿದ್ದರೆ ಒಂದು ಅರ್ಥ, ಹೆಸರಿಸದಿದ್ದರೆ ಇನ್ನೊಂದು ಎಂಬ ಸುಳುಹು ಇಲ್ಲಿ ನೆರವಾಗುತ್ತದೆ.

ಹೊಗಳಿಕೆಯಂತೆ ಕೇಳಿಸುವ ಮಾತು

“ಈ ಔಷಧದಿಂದ ಅಟ್ ಬೆಸ್ಟ್ ತಾತ್ಕಾಲಿಕ ಉಪಶಮನ” ಎಂದು ವೈದ್ಯರು ಹೇಳಿದಾಗ ಕೇಳುವವರ ಕಿವಿಯಲ್ಲಿ ‘ಬೆಸ್ಟ್’ ಎಂಬುದೊಂದೇ ಉಳಿಯುವುದುಂಟು. ಮಾತಿನ ನಿಜವಾದ ಅರ್ಥ: ಬಹಳ ಆಸೆಪಟ್ಟರೂ ಇಷ್ಟೇ ದೊರೆಯುವುದು. ‘ಅಟ್ ವರ್ಸ್ಟ್’ ಎಂಬುದು ಭಯಂಕರವಾಗಿ ಕೇಳಿಸಿದರೂ ಹಲವು ವೇಳೆ ಧೈರ್ಯದ ಮಾತು: ಹೆಚ್ಚೆಂದರೆ ಆಗುವ ಕೆಡಕು ಇಷ್ಟೇ. ನಡುವೆ ‘ಹಿಸ್’, ‘ಹರ್’ ಸೇರಿದರೆ ಅರ್ಥ ಮತ್ತೆ ಬದಲಾಗುತ್ತದೆ. ‘ಅಟ್ ಹಿಸ್ ಬೆಸ್ಟ್’ ಎಂದರೆ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಎಂದು. ಇದು ನಿಜವಾದ ಹೊಗಳಿಕೆ.

‘ಇನ್’ ಮತ್ತು ‘ಆಫ್’

ಕನ್ನಡದ ಸಪ್ತಮಿ ಪ್ರತ್ಯಯ ‘ಅಲ್ಲಿ’ ಒಂದೇ ಆದರೂ ಇಂಗ್ಲಿಷಿನಲ್ಲಿ ಸೂಪರ್ಲೇಟಿವ್ ಪದದ ಮುಂದೆ ಅದಕ್ಕೆ ಎರಡು ರೂಪಗಳು ಬರುತ್ತವೆ. ‘ಊರಿನಲ್ಲೇ ದೊಡ್ಡ ಆಸ್ಪತ್ರೆ’ ಎಂಬಲ್ಲಿ ಸ್ಥಳವಿರುವುದರಿಂದ ‘ಬಿಗ್ಗೆಸ್ಟ್ ಇನ್ ದಿ ಸಿಟಿ’; ‘ಮೂವರಲ್ಲಿ ಹಿರಿಯಳು’ ಎಂಬಲ್ಲಿ ಎಣಿಕೆಯಿರುವುದರಿಂದ ‘ಎಲ್ಡೆಸ್ಟ್ ಆಫ್ ದಿ ತ್ರೀ’. ಸ್ಥಳ ಅಥವಾ ಒಂದು ಸಮೂಹವಾದರೆ ‘ಇನ್’, ಎಣಿಸಬಹುದಾದ ಹಲವರಾದರೆ ‘ಆಫ್’ ಎಂದು ನೆನಪಿಟ್ಟರೆ ಸಾಕು.

ತಿನಿಸಿನ ಪೊಟ್ಟಣಗಳ ಮೇಲೆ ಕಾಣುವ ‘ಬೆಸ್ಟ್ ಬಿಫೋರ್’ ಎಂಬಲ್ಲಿಯೂ ಪ್ರಿಪೊಸಿಷನ್ ಸೂಪರ್ಲೇಟಿವ್ ಪದದ ಮುಂದೆಯೇ ಬಂದಿದೆ. ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತವೆಂಬುದು ಅದರ ತಾತ್ಪರ್ಯ. ‘ಎಕ್ಸ್‌ಪೈರಿ’ ದಿನಾಂಕ ಹಾಗಲ್ಲ. ಅದು ಸುರಕ್ಷತೆಯ ಎಲ್ಲೆ. ಆ ದಿನ ಕಳೆದ ಔಷಧವನ್ನು ಬಳಸಲೇಬಾರದು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಮಗನ ಮನೆಗೆಂದು ಊರಿನಿಂದ ಬಂದಿರುವ ವೃದ್ಧ ತಾಯಿತಂದೆಯರಿಗೆ ಹಗಲಿನಲ್ಲಿ ಔಷಧದ ಚೀಟಿಯನ್ನು ಓದಿ ಹೇಳುವವರು ಯಾರೂ ಇರದಿರಬಹುದು. ಕೆಲಸಕ್ಕೆ ಹೊರಡುವ ಮೊದಲು ಅದರಲ್ಲಿರುವ ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’ಗಳನ್ನು ‘ಕಡಮೆಯೆಂದರೆ’, ‘ಹೆಚ್ಚೆಂದರೆ’ ಎಂದು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದು, ಒಮ್ಮೆ ಅವರ ಬಾಯಿಂದಲೇ ಓದಿಸಿ, ಗೋಡೆಗೆ ಅಂಟಿಸಿಡುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ಪ್ರತಿಯೊಂದು ಮನೆಯಲ್ಲಿಯೂ ತಪ್ಪದೆ ಮೀಸಲಿಡತಕ್ಕದ್ದು.