ತಂಡದ ನಾಯಕನಾಗಿ ಹೊರಟಿರುವ ಮಗನಿಗೆ

ಕುಂಬಾರಕೊಪ್ಪಲು, ಮೈಸೂರು



ಮೊನ್ನೆ ನಿನ್ನಮ್ಮ ಫೋನ್ ಹಿಡಿದುಕೊಂಡು ಬಂದು ನೀವು ಆಡಿದ ಆಟದ ವಿಡಿಯೊ ತೋರಿಸಿದಳು. ಅವಳಿಗೆ ಹೆಮ್ಮೆ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಹಸಿರು ಬಟ್ಟೆ, ತಲೆಗೆ ಹೆಲ್ಮೆಟ್, ನಿಜದ್ದೇ ಅನ್ನಿಸುವ ಬಂದೂಕು, ಅದೆಲ್ಲ ಇರಲಿ. ನಡುವೆ ಒಬ್ಬ ಹುಡುಗ ಕನ್ನಡಕವನ್ನು ಹಣೆಗೇರಿಸಿಕೊಂಡು ಬೆವರು ಒರೆಸುತ್ತಿದ್ದಾನೆ. ಸುತ್ತ ಗುಂಡು ಹಾರುತ್ತಿದೆ. ನೀನು ಅವನ ಪಕ್ಕದಲ್ಲೇ ಓಡಿ ಹೋಗುತ್ತೀಯ, ತಿರುಗಿ ಕೂಡ ನೋಡುವುದಿಲ್ಲ. ಬರುವ ಭಾನುವಾರದಿಂದ ಆ ತಂಡಕ್ಕೆ ನೀನೇ ನಾಯಕನಂತೆ. ಅದಕ್ಕೇ ನಿನ್ನ ದೊಡ್ಡಪ್ಪನ ಈ ಪತ್ರ. ನಿನ್ನಂಥ ಹುಡುಗರು ಈಗ ಬೇಕಾದಷ್ಟು ಮಂದಿ ಇದ್ದಾರೆ, ಅವರೂ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಆಟದ ಬಗ್ಗೆ ನನಗೆ ತಾತ್ಸಾರವಿಲ್ಲ. ನೀವು ಆಡುವ ಏರ್‌ಸಾಫ್ಟ್ ಎಂದರೇನೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ನಿಜವಾದ ಬಂದೂಕು ಜನಸಾಮಾನ್ಯರ ಕೈಗೆ ಸಿಗದ ಜಪಾನಿನಲ್ಲಿ 1970ರ ದಶಕದಲ್ಲಿ ಶುರುವಾದದ್ದು ಇದು. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಅದರ ಜೋರು 0.98 ಜೂಲ್ ದಾಟಬಾರದು ಎಂದು ಅಲ್ಲಿನ ಸರ್ಕಾರ 2006ರಲ್ಲಿ ಮಿತಿ ಹಾಕಿತು. ಮೈಗೆ ಬಿದ್ದರೆ ಕೆಂಪಗೆ ಊದಿಕೊಳ್ಳುತ್ತದೆ, ನಾಲ್ಕು ದಿನಕ್ಕೆ ಮಾಯವಾಗುತ್ತದೆ. ಕಣ್ಣಿಗೆ ಬಿದ್ದರೆ ಆ ಮಿತಿಯೊಳಗಿನ ಗುಂಡೇ ಸಾಕು, ಒಂದು ಕಣ್ಣು ಹೋಗುತ್ತದೆ. ಆ ಹುಡುಗನ ತಾಯಿಗೆ ಆಮೇಲೆ ಉತ್ತರ ಹೇಳಬೇಕಾದವನು ನೀನು.

ನಾಯಕನಾದವನು ತಾನೇ ಮುಂದೆ ನುಗ್ಗಬೇಕೋ, ಹಿಂದೆ ಉಳಿದು ಉಳಿದವರನ್ನು ನಡೆಸಬೇಕೋ ಎಂದು ನಿನಗೆ ಗೊಂದಲವಂತೆ. ದೊಡ್ಡಪ್ಪನನ್ನು ಕೇಳು ಎಂದು ನಿನ್ನಮ್ಮನಿಗೆ ಹೇಳಿದೆಯಂತೆ. ಎರಡಕ್ಕೂ ಅದರದರ ನ್ಯಾಯ ಇದೆ. ಯಾವುದು ಸರಿ ಎಂದು ಆರಿಸಿಕೊಳ್ಳುವವನು ನೀನೇ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದು 1972ರಲ್ಲಿ. ಆಗ ನಮ್ಮ ಬೀದಿಯ ಹುಡುಗರ ಕಣ್ಣೆಲ್ಲ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯ ಮೇಲೆ. ಅಲ್ಲಿ ಕೆಲಸ ಸಿಕ್ಕವನಿಗೆ ಹೆಣ್ಣು ಹುಡುಕಬೇಕಾಗಿರಲಿಲ್ಲ, ಹೆಣ್ಣಿನ ಕಡೆಯವರೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪನ ಆಸೆಯೂ ಅದೇ. ನಾನು ಮಾತ್ರ ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಇರುವ ಸೆಂಟರಿನ ಮುಂದೆ ಹೋಗಿ ಸಾಲಿನಲ್ಲಿ ನಿಂತೆ. 1780ರಲ್ಲಿ ಹುಟ್ಟಿದ ದಳ ಅದು. ಅಲ್ಲಿ ಯಾವ ಊರಿನವನಾದರೂ ಎಲ್ಲರೂ ತಂಬಿಗಳೇ. ನನಗೆ ತಮಿಳೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಮೊದಲ ಕೆಲವು ವಾರ ಪಕ್ಕದವನ ಕೈಕಾಲು ನೋಡಿಕೊಂಡೇ ಡ್ರಿಲ್ ಮಾಡಿದೆ.

ನಮಗೆ ನೆಲಬಾಂಬು ತೆಗೆಯುವುದನ್ನು ಕಲಿಸಿದ ಉಸ್ತಾದ್ ಹಿಂದಿನ ವರ್ಷದ ಪಾಕಿಸ್ತಾನದ ಯುದ್ಧದಲ್ಲಿ ಶಕರ್‌ಗಢದ ಕಡೆ ಹೋರಾಡಿ ಬಂದವರು. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಆಚೆ ಪಾಕಿಸ್ತಾನದವರು ಹರಡಿದ್ದ ನೆಲಬಾಂಬುಗಳ ನಡುವೆ ನಮ್ಮ 9 ಎಂಜಿನಿಯರ್ ರೆಜಿಮೆಂಟಿನ ಸ್ಯಾಪರ್‌ಗಳು ರಾತ್ರಿಯಿಡೀ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದರು. ಉಸ್ತಾದ್ ಆ ರಾತ್ರಿಯ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವರು ಕಲಿಸುತ್ತಿದ್ದ ರೀತಿಯಲ್ಲಿ ಆ ರಾತ್ರಿ ಇತ್ತು. ಸಪೂರವಾದ ಸರಳನ್ನು ನೆಲಕ್ಕೆ ಓರೆಯಾಗಿ ಚುಚ್ಚಬೇಕು, ನೇರವಾಗಿ ಚುಚ್ಚಿದರೆ ಬಾಂಬಿನ ತಲೆಯನ್ನೇ ಒತ್ತಿದಂತೆ. ಅಂಗೈಯಗಲ ಮುಂದೆ ಹೋಗಬೇಕು, ಮತ್ತೆ ಚುಚ್ಚಬೇಕು. ನೋಡಿ ಮುಗಿಸಿದ ಜಾಗದ ಎರಡು ಬದಿಗೂ ಬಿಳಿ ಪಟ್ಟಿ ಎಳೆಯಬೇಕು. ಮಲಗಿಕೊಂಡು ಮಾಡುವ ಕೆಲಸ. ಮೊಣಕೈ ಸುಲಿದುಹೋಗುತ್ತಿತ್ತು.

ನಮ್ಮ ಚಿಕ್ಕ ತುಕಡಿಯ, ಅಂದರೆ ಸೆಕ್ಷನ್ನಿನ, ಕಮಾಂಡರ್ ಮಾತ್ರ ಸರಳು ಹಿಡಿಯುವಂತಿರಲಿಲ್ಲ. ಅವನು ಹಿಂದೆ ಇದ್ದು ಮುಂದಿರುವವರ ಕೈಗಳನ್ನು ನೋಡುತ್ತಿರಬೇಕು. ಯಾರ ಕೈ ನಡುಗುತ್ತಿದೆ, ಯಾರು ಅವಸರ ಮಾಡುತ್ತಿದ್ದಾನೆ, ಯಾರನ್ನು ಈಗ ಎಬ್ಬಿಸಿ ಇನ್ನೊಬ್ಬನನ್ನು ಮಲಗಿಸಬೇಕು. ನಮ್ಮ ಬ್ಯಾಚಿನಲ್ಲಿ ಒಬ್ಬ ಚುರುಕಿನವನಿದ್ದ. ಅವನನ್ನು ಕಮಾಂಡರ್ ಮಾಡಿದ ದಿನ, ನಿಧಾನವಾಗಿ ಕೆಲಸ ಮಾಡುತ್ತಿದ್ದವನ ಕೈಯಿಂದ ಸರಳು ಕಿತ್ತುಕೊಂಡು ತಾನೇ ಮಲಗಿಬಿಟ್ಟ. ಅವನ ಸಾಲು ಬೇಗನೇ ಮುಗಿಯಿತು. ಅಷ್ಟರಲ್ಲಿ ಪಕ್ಕದ ಸಾಲಿನವನು ಪಟ್ಟಿ ದಾಟಿ ಎರಡು ಹೆಜ್ಜೆ ಹೊರಗೆ ಹೋಗಿದ್ದ. ತಾಲೀಮಿನ ಬಾಂಬು, ಬರೀ ಮರದ ಬಿಲ್ಲೆ. ಆದರೂ ಉಸ್ತಾದ್ ಎಲ್ಲರನ್ನೂ ನಿಲ್ಲಿಸಿ, ಆ ಹೊರಗೆ ಹೋದವನ ಮನೆಗೆ ಬರೆಯಬೇಕಾದ ಕಾಗದವನ್ನು ಈಗಲೇ ಬರೆ ಎಂದು ಆ ಕಮಾಂಡರಿಗೆ ಪೆನ್ಸಿಲ್ ಕೊಟ್ಟರು. ಅವನು ಬರೆಯಲಾರದೆ ಅತ್ತ. ಆಮೇಲೆ ಅವನು ಬಹಳ ಒಳ್ಳೆಯ ನಾಯಕನಾದ.

ಮುಂದೆ ನಾನೂ ನಾಯಕ್ ಹುದ್ದೆಗೇರಿ ಒಂದು ಸೆಕ್ಷನ್ ನಡೆಸಿದೆ. ರಾಜಸ್ಥಾನದ ಮರಳಿನಲ್ಲಿ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಟ್ರಕ್ಕಿನ ಹತ್ತಿರ ಬಂದು ತಲೆ ಎಣಿಸಿದರೆ ಒಬ್ಬ ಕಡಿಮೆ. ಎಲ್ಲರೂ ಸುಸ್ತಾಗಿದ್ದರು, ಮುಂದಿನ ಟ್ರಕ್ಕಿನಲ್ಲಿ ಬರುತ್ತಾನೆ ಬಿಡಿ ಎಂದರು. ನಾನು ಬಿಡಲಿಲ್ಲ. ಹುಡುಕಿದಾಗ ದಿಬ್ಬದ ಮರೆಯಲ್ಲಿ ಬಿಸಿಲು ಬಡಿದು ಎಚ್ಚರ ತಪ್ಪಿ ಬಿದ್ದಿದ್ದ. ನೀರಿನ ಬಾಟಲಿ ಖಾಲಿ. ಹಾಸನದ ಕಡೆಯ ಹುಡುಗ, ಎರಡು ತಿಂಗಳ ಹಿಂದೆ ಮದುವೆಯಾಗಿದ್ದವನು. ಈಗಲೂ ಯುಗಾದಿಗೆ ಫೋನ್ ಮಾಡುತ್ತಾನೆ, ಮೊಮ್ಮಕ್ಕಳಿಂದಲೂ ಮಾತಾಡಿಸುತ್ತಾನೆ.

ನುಗ್ಗಿದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅದೇ ಬಸಂತರ್‌ನಲ್ಲಿ ದಾರಿ ಪೂರ್ತಿ ಬಿಡಿಸುವ ಮೊದಲೇ 17 ಪೂನಾ ಹಾರ್ಸ್‌ನ ಟ್ಯಾಂಕುಗಳು ಮುಂದೆ ಹೋದವು. ಡಿಸೆಂಬರ್ 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಟ್ಯಾಂಕಿಗೆ ಬೆಂಕಿ ಹತ್ತಿದರೂ ಇಳಿಯದೆ ಹೋರಾಡಿ ಸತ್ತರು. ವಯಸ್ಸು 21. ಪರಮವೀರ ಚಕ್ರ ಕೊಟ್ಟರು. ಅವರ ಹೆಸರು ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಆದರೆ ಅವರ ಟ್ಯಾಂಕು ಅಲ್ಲಿಯವರೆಗೆ ಹೋಗಲು ರಾತ್ರಿಯಿಡೀ ಯಾರೋ ನೆಲದ ಮೇಲೆ ಮಲಗಿ ಸರಳು ಚುಚ್ಚಿದ್ದರು, ಯಾರೋ ಅವರ ಹಿಂದೆ ಇದ್ದು ನೋಡಿಕೊಂಡಿದ್ದರು. ಅದೂ ಅಲ್ಲದೆ ಅದು ಯುದ್ಧ. ನಿನ್ನದು ಭಾನುವಾರದ ಆಟ. ಯುದ್ಧದ ಬಟ್ಟೆ ಹಾಕಿಕೊಂಡ ಮಾತ್ರಕ್ಕೆ ನೀನು ಖೇತರ್‌ಪಾಲ್ ಆಗುವುದಿಲ್ಲ. ಆ ಮಾತು ಬಾಯಲ್ಲಿ ಬರುವುದೂ ಬೇಡ.

ನಿಮ್ಮ ಆಟಕ್ಕೆ ಹತ್ತಿರವಾದದ್ದು ಪದಾತಿ ಸೆಕ್ಷನ್, ಅಂದರೆ 10 ಜನ. ಎನ್‌ಸಿಸಿ ಹುಡುಗರಿಗೂ ಇದನ್ನೇ ಕಲಿಸುತ್ತಾರೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವಾಗ ಎಲ್ಲರಿಗಿಂತ ಮುಂದೆ ಸ್ಕೌಟ್‌ಗಳು, ಅವರ ಹಿಂದೆ ಕಮಾಂಡರ್. ಮುಂದಿನವರು ಕಂಡದ್ದು ಅವನಿಗೂ ಕಾಣಬೇಕು, ಅವನು ಕೈ ಎತ್ತಿದರೆ ಹಿಂದಿನವರಿಗೂ ಕಾಣಬೇಕು. ಅರ್ಧ ಜನ ಗುಂಡು ಹಾರಿಸಿ ಎದುರಾಳಿ ತಲೆ ಎತ್ತದಂತೆ ಮಾಡುವಾಗ ಉಳಿದರ್ಧ ಜಾಗ ಬದಲಿಸುತ್ತಾರೆ. ಇದಿಷ್ಟನ್ನೂ ಯಾರೋ ಒಬ್ಬ ಒಂದೇ ಮಾತಿನಲ್ಲಿ ಹೇಳಬೇಕು: ಯಾರು, ಎಷ್ಟು ದೂರ, ಯಾವ ಗುರುತಿನ ಬಳಿ, ಹೇಗೆ. ನೀನೇ ಗುಂಡು ಹಾರಿಸುತ್ತಾ ಪೊದೆಯಲ್ಲಿ ಸಿಕ್ಕಿಕೊಂಡಿದ್ದರೆ ಆ ಮಾತು ಹೇಳುವವರು ಯಾರು? ವಿಡಿಯೊದಲ್ಲಿ ನಿನ್ನ ತಂಡದ ನಾಲ್ಕು ಜನ ಒಂದೇ ಮರದ ಹಿಂದೆ ಗುಂಪಾಗಿ ನಿಂತು ಏಟು ತಿಂದರು. ಚದುರಿ ಎನ್ನಲು ಒಬ್ಬರೂ ಇರಲಿಲ್ಲ.

ಏರ್‌ಸಾಫ್ಟ್‌ನ ಸೋದರ ಆಟ ಬಣ್ಣದ ಗುಂಡಿನ ಪೇಂಟ್‌ಬಾಲ್. ಅದರ ಮೊದಲ ಆಟ ನಡೆದದ್ದು 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ. ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕುವ ಪಿಸ್ತೂಲು ಹಿಡಿದು 12 ಜನ ಆಡಿದರು. ಬಾವುಟಗಳನ್ನೆಲ್ಲ ಸಂಗ್ರಹಿಸಿ ಗೆದ್ದವನು ರಿಚಿ ವೈಟ್ ಎಂಬ ಕಾಡಿನ ಕೆಲಸಗಾರ. ಅವನು ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. ಉಳಿದವರು ಪರಸ್ಪರ ಗುಂಡು ಹೊಡೆದುಕೊಳ್ಳುತ್ತಿದ್ದಾಗ ಅವನು ಕಾಡನ್ನು ನೋಡುತ್ತಿದ್ದ. ನಿನಗೆ ನನ್ನ ಸೇನೆಯ ಕಥೆ ಹಳತು ಅನ್ನಿಸಿದರೆ ಇದನ್ನಾದರೂ ನೆನಪಿಟ್ಟುಕೋ.

ಇನ್ನೆರಡು ಮಾತು, ಕಟುವಾಗಿಯೇ ಹೇಳುತ್ತೇನೆ. ಗುಂಡು ತಾಗಿದವನು ತಾನೇ ಕೈಯೆತ್ತಿ ಹೊರಗೆ ನಡೆಯಬೇಕು, ಇಡೀ ಆಟ ನಿಂತಿರುವುದೇ ಅದರ ಮೇಲೆ. ನಿಮ್ಮ ಆಟದಲ್ಲಿ ಬಣ್ಣ ಅಂಟುವುದಿಲ್ಲ, ಗುರುತು ಉಳಿಯುವುದಿಲ್ಲ. ನಿನ್ನ ಗೆಳೆಯನೊಬ್ಬ ತೋಳಿಗೆ ತಾಗಿದ್ದರೂ ಆಡುತ್ತಲೇ ಇದ್ದ, ನೀನು ನೋಡಿ ನಕ್ಕೆ. ನಮ್ಮ ಮನೆಯಲ್ಲಿ ಬೆಳೆದವನು ಹೀಗೆ ನಗುತ್ತಾನೆಂದರೆ ನನಗೆ ನಾಚಿಕೆ. ಅವನನ್ನು ನೀನೇ ಕರೆದು ಹೊರಗೆ ಕೂರಿಸು, ಗೆಲ್ಲುವ ಆಟವಾದರೂ ಸರಿ. ಎರಡನೆಯದು, ಆ ಬಂದೂಕನ್ನು ಚೀಲಕ್ಕೂ ಹಾಕದೆ ಬೈಕಿನ ಹಿಂದೆ ಹಿಡಿದುಕೊಂಡು ನಮ್ಮ ಕೊಪ್ಪಲಿನ ಬೀದಿಯಲ್ಲಿ ಬಂದಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಮಾಡಿದ ನಿಯಮಗಳಲ್ಲಿ ಬಂದೂಕಿನ ಪ್ರತಿಕೃತಿಗಳ ಮಾತೂ ಇದೆ, ಓದಿಕೋ. ಕಾನೂನು ಹಾಗಿರಲಿ, ರಾತ್ರಿ ಹೊತ್ತು ಗಸ್ತಿನ ಪೊಲೀಸನಿಗೆ ಅದು ಆಟಿಕೆ ಎಂದು ಹೇಗೆ ಗೊತ್ತಾಗಬೇಕು? ಎದುರುಮನೆ ಅಜ್ಜಿ ಹೆದರಿ ಬಾಗಿಲು ಹಾಕಿಕೊಂಡಳು. ಬುದ್ಧಿ ಬೇಡವೇನೋ?

ಸರಿ, ಬೈದದ್ದು ಸಾಕು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡಿರುವ ನೀವು ಒಂದು ದಿನ ಮಣ್ಣಿನಲ್ಲಿ ಹೊರಳುತ್ತೀರಿ ಎಂಬುದೇ ನನಗೆ ಸಂತೋಷ. ನಿನ್ನ ಕಾಲು ಚುರುಕು, ಗುರಿಯೂ ಚೆನ್ನಾಗಿದೆ, ನಾನು ನೋಡಿದ್ದೇನೆ. ಅಂಥವನಿಗೇ ಹಿಂದೆ ಉಳಿಯುವುದು ಕಷ್ಟ ಎಂಬುದೂ ಗೊತ್ತು. ತಂಡದಲ್ಲಿ ಒಬ್ಬ ದಪ್ಪನೆಯ ಹುಡುಗ ಇದ್ದಾನಲ್ಲ, ಓಡಲಾರದವನು, ಅವನನ್ನು ಕೈಬಿಡುವ ಯೋಚನೆ ನಿಮ್ಮಲ್ಲಿ ಇದೆಯಂತೆ. ಬಿಡಬೇಡ. ಓಡಲಾರದವನು ಒಂದು ಕಡೆ ಗಟ್ಟಿಯಾಗಿ ಕೂತು ದಾರಿ ಕಾಯಬಲ್ಲ. ಅವನ ಜೊತೆ ತಾಳ್ಮೆ ಇರುವ ಇನ್ನೊಬ್ಬನನ್ನು ಜೋಡಿ ಮಾಡು. ನೀರು ಎಲ್ಲರ ಹತ್ತಿರವೂ ಇದೆಯೇ ನೋಡು, ಪ್ರತಿ ಸುತ್ತು ಮುಗಿದ ಮೇಲೆ ತಲೆ ಎಣಿಸು.

ನನ್ನದೊಂದು ಕೋರಿಕೆ. ಈ ಭಾನುವಾರ ಮೊದಲ ಸುತ್ತನ್ನು ಬಂದೂಕು ಹಿಡಿಯದೆ ನಡೆಸು. ಬರೀ ನೋಡು, ಕೈಸನ್ನೆ ಮಾಡು, ಕೂಗು. ಸೋತರೂ ಚಿಂತೆಯಿಲ್ಲ. ಎರಡನೆಯ ಸುತ್ತಿಗೆ ಬಂದೂಕು ಬೇಕೋ ಬೇಡವೋ ನೀನೇ ನಿರ್ಧರಿಸು, ನಾನು ಅಡ್ಡ ಬರುವುದಿಲ್ಲ. ಸೋಮವಾರ ಸಂಜೆ ಫೋನ್ ಮಾಡಿ ಏನಾಯಿತೆಂದು ಹೇಳು.

ಇತಿ ನಿನ್ನ
ದೊಡ್ಡಪ್ಪ