ರಿಂಗು ಹಾಕುವ ಮುಂಚೆ ಸಂದಿ ನೋಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ನನ್ನ ಯೆಜ್ಡಿ 250 ಇನ್ನೂ ಓಡುತ್ತಿದೆ. ಹಿಂದೊಮ್ಮೆ ಬೋರು ಮಾಡಿಸಿ, ಅಳತೆ ನೋಡದೆ ಹೊಸ ರಿಂಗು ಹಾಕಿಬಿಟ್ಟೆ. ಪಾವಗಡದ ದಾರಿಯಲ್ಲಿ ಪಿಸ್ಟನ್ ಕಚ್ಚಿ ಹಿಂದಿನ ಚಕ್ರವೇ ನಿಂತಿತು. ಬೋರು, ಪಿಸ್ಟನ್ ಎರಡೂ ದಂಡ. ನಿಮಗೆ ಹಾಗಾಗದಿರಲಿ.

ಈ ಎಂಜಿನ್ನಿನ ಮೂಲ ಬೋರು 65 ಮಿ.ಮೀ. ರಿಂಗನ್ನು ಖಾಲಿ ಸಿಲಿಂಡರಿಗೆ ಇಟ್ಟು, ಪಿಸ್ಟನ್ ತಲೆಯಿಂದ ತಳ್ಳಿ ಸಮ ಕೂರಿಸಿ. ಪೋರ್ಟಿನ ಕಿಂಡಿ ಇರುವ ಜಾಗ ಬೇಡ. ರಿಂಗಿನ ತುದಿಗಳ ನಡುವೆ ಫೀಲರ್ ಗೇಜ್ ತೂರಿಸಿ. ಸಂದಿ ಕಾಲು ಮಿ.ಮೀ. ಆಸುಪಾಸು ಇರಬೇಕು. ಕಮ್ಮಿಯಾದರೆ ಬಿಸಿಗೆ ರಿಂಗು ಹಿಗ್ಗಿ, ತುದಿಗೆ ತುದಿ ತಾಗಿ ಬೋರನ್ನು ಗೀರುತ್ತದೆ. ಆಗ ತುದಿಯನ್ನು ಸಣ್ಣ ಅರದಿಂದ ನೆಟ್ಟಗೆ ಉಜ್ಜಿ.

ಹಳೇ ಬೋರಾದರೆ ಅದೇ ರಿಂಗನ್ನು ಮೇಲೊಮ್ಮೆ, ರಿಂಗು ಓಡದ ಕೆಳತುದಿಯಲ್ಲೊಮ್ಮೆ ಇಟ್ಟು ಅಳೆಯಿರಿ. ವ್ಯತ್ಯಾಸವನ್ನು ಮೂರರಿಂದ ಭಾಗಿಸಿ. 0.30 ಬಂದರೆ ಬೋರು ಸುಮಾರು 0.10 ಮಿ.ಮೀ. ಅಗಲವಾಗಿದೆ ಅಂತ ಲೆಕ್ಕ.

ಪಿಸ್ಟನ್ನಿನ ಸುತ್ತಲ ಸಂದಿ ಬೇರೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಮೊದಲು ಪಿಸ್ಟನ್ ಕೊಳ್ಳಿ, ತಯಾರಕರು ಹೇಳಿದ ಸಂದಿಯನ್ನು ಚೀಟಿಯಲ್ಲಿ ಬರೆದು ಲೇತಿನವರಿಗೆ ಕೊಡಿ, ಆಮೇಲೆ ಬೋರು ಮಾಡಿಸಿ. ಬಿತ್ತುವ ಮುಂಚೆ ಕೂರಿಗೆ ನೋಡಿಕೊಳ್ಳುತ್ತೇವಲ್ಲ, ಇದೂ ಹಾಗೇ.