ಫಿಲಮ್ ಕ್ಯಾಮರಾವೋ, ಡಿಜಿಟಲ್ ಕ್ಯಾಮರಾವೋ?



ಧರೂರಿನ ಬಳಿಯ ಜೂರಾಲಾ ಅಣೆಕಟ್ಟನ್ನು ನೋಡಲು ಹೋದಾಗ ಬಾಲಕನೊಬ್ಬನು, “ಸರ್, ಫೋಟೋ ತೆಗೆಯುವುದನ್ನು ಅಜ್ಜನ ಫಿಲಮ್ ಕ್ಯಾಮರಾದಲ್ಲಿ ಕಲಿಯಲೋ, ಮೊಬೈಲಿನಲ್ಲಿ ಕಲಿಯಲೋ?” ಎಂದು ಕೇಳಿದನು. ಪ್ರಶ್ನೆ ಚಿಕ್ಕದಾದರೂ ವಿಚಾರಯೋಗ್ಯವಾದುದು.

ಎರಡರಲ್ಲಿಯೂ ಮಸೂರವೇ ಬೆಳಕನ್ನು ಕೇಂದ್ರೀಕರಿಸುತ್ತದೆ. ಭೇದವಿರುವುದು ಆ ಬೆಳಕನ್ನು ಹಿಡಿದಿಡುವ ಬಗೆಯಲ್ಲಿ. ಫಿಲಮಿನ ಮೇಲೆ ಬೆಳ್ಳಿಯ ಲವಣಗಳ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳುಗಳು ರಾಸಾಯನಿಕ ದ್ರಾವಣದಲ್ಲಿ ತೊಳೆದಾಗ ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತವೆ. ಹೀಗೆ ನೆಗೆಟಿವ್ ಸಿದ್ಧವಾಗುತ್ತದೆ. ಡಿಜಿಟಲ್ ಕ್ಯಾಮರಾದಲ್ಲಾದರೋ ಲಕ್ಷಾಂತರ ಸೂಕ್ಷ್ಮ ಕೋಶಗಳು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ; ಅದನ್ನು ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. 1975ರಲ್ಲಿ ಅಮೇರಿಕದ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು ನಿರ್ಮಿಸಿದ ಇಂತಹ ಕ್ಯಾಮರಾ ಕೇವಲ 10,000 ಬಿಂದುಗಳ ಕಪ್ಪು-ಬಿಳುಪು ಚಿತ್ರವನ್ನು ದಾಖಲಿಸಲು 23 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು!

ಕಲಿಯುವವನಿಗೆ ಡಿಜಿಟಲ್ಲೇ ಅನುಕೂಲ. ತಪ್ಪು ಆ ಕ್ಷಣವೇ ಕಾಣುತ್ತದೆ, ತಿದ್ದಿಕೊಂಡರೆ ಖರ್ಚಿಲ್ಲ. ಫಿಲಮ್ ರೀಲಿನಲ್ಲಿ ಸಾಮಾನ್ಯವಾಗಿ 36 ಚಿತ್ರಗಳು ಮಾತ್ರ. ತೊಳೆಸುವವರೆಗೆ ಫಲವು ತಿಳಿಯದು. ಆದರೆ ಈ ಮಿತಿಯೇ ಒಂದು ಶಿಸ್ತನ್ನು ಕಲಿಸುತ್ತದೆ: ಗುಂಡಿಯನ್ನೊತ್ತುವ ಮೊದಲು ನೋಡಬೇಕು, ಯೋಚಿಸಬೇಕು. ನೆಗೆಟಿವ್ ಫಿಲಮಿಗೆ ಇನ್ನೊಂದು ಗುಣವೂ ಉಂಟು. ಅಣೆಕಟ್ಟಿನ ಬಾಗಿಲುಗಳಿಂದ ಧುಮುಕುವ ಬಿಳಿಯ ನೊರೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಾಗ, ಪ್ರಖರ ಬೆಳಕಿನ ವಿವರಗಳನ್ನು ಅದು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಡಿಜಿಟಲ್ಲಿನಲ್ಲಿ ಆ ಭಾಗವು ಬರೀ ಬಿಳುಪಾಗಿಬಿಡಬಹುದು. ಆದುದರಿಂದ ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ ತೆಗೆಯತಕ್ಕದ್ದು.

ಇನ್ನು ಬಾಳಿಕೆಯ ಮಾತು. ಗದ್ವಾಲ ಸಂಸ್ಥಾನವು ನಿಜಾಮರ ಅಧೀನದಲ್ಲಿದ್ದ ಕಾಲದಲ್ಲಿ, ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು (1844–1905) ಗಾಜಿನ ಫಲಕಗಳ ಮೇಲೆ ತೆಗೆದ ಎರಡು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳು ಇಂದಿಗೂ ದೆಹಲಿಯಲ್ಲಿ ಸುರಕ್ಷಿತವಾಗಿವೆ. ಆದರೆ ಅವು ತಾವಾಗಿ ಉಳಿದವಲ್ಲ, ಕಾಪಾಡಿದವರಿದ್ದುದರಿಂದ ಉಳಿದವು.

ಈ ಪಾಠವನ್ನು ನಾನು ತಡವಾಗಿ ಕಲಿತೆನು. 1996ರಲ್ಲಿ ನಾವು ಹತ್ತನೆಯ ತರಗತಿಯಲ್ಲಿದ್ದಾಗ ತೆಗೆಸಿದ ಗುಂಪುಚಿತ್ರದಲ್ಲಿದ್ದ ಗೆಳೆಯನೊಬ್ಬನು ಈಗಿಲ್ಲ. ಕೆಲವು ವರ್ಷಗಳ ಹಿಂದೆ ಅವನ ತಾಯಿ ನನ್ನ ಬಳಿಗೆ ಬಂದು, ಮಗನ ಒಂದು ಚಿತ್ರವಾದರೂ ದೊರೆತೀತೇ ಎಂದು ಕೇಳಿದರು. ಪೆಟ್ಟಿಗೆಯಲ್ಲಿದ್ದ ನೆಗೆಟಿವ್‌ನಿಂದ ಹೊಸ ಪ್ರತಿಯನ್ನು ಮಾಡಿಸಿ ಕೊಟ್ಟೆನು. ಅದೇ ವರ್ಷ ನನ್ನ ಮೊಬೈಲು ನೀರಿಗೆ ಬಿದ್ದು, ಅದರಲ್ಲಿದ್ದ ಶಾಲಾ ವಾರ್ಷಿಕೋತ್ಸವದ ಚಿತ್ರಗಳೆಲ್ಲವೂ ಹೋದವು. ಬೇರೊಂದು ಪ್ರತಿಯನ್ನು ಇಟ್ಟಿರಲಿಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು.

ಆದುದರಿಂದ ಆ ಬಾಲಕನಿಗೆ ನನ್ನ ಉತ್ತರವಿಷ್ಟೇ: ಮೊಬೈಲಿನಲ್ಲಿ ಕಲಿ, ಆದರೆ ಅಜ್ಜನ ರೀಲಿನಲ್ಲಿ ಮೂವತ್ತಾರೇ ಚಿತ್ರಗಳಿವೆಯೆಂಬಂತೆ ಯೋಚಿಸಿ ತೆಗೆ. ಸಾಧ್ಯವಾದರೆ ಒಂದು ರೀಲನ್ನಾದರೂ ಅಜ್ಜನ ಜೊತೆಗೆ ಕುಳಿತು ಬಳಸು.

ಪೋಷಕರಲ್ಲಿ ಒಂದು ವಿನಂತಿ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿರಿ. ಹಿಂಬದಿಯಲ್ಲಿ ಹೆಸರು, ಊರು, ದಿನಾಂಕಗಳನ್ನು ಪೆನ್ಸಿಲಿನಿಂದ ಬರೆಯಿರಿ. ಉಳಿದವುಗಳ ಪ್ರತಿಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿಡಿರಿ. ಹಳೆಯ ನೆಗೆಟಿವ್‌ಗಳನ್ನು ಕಸವೆಂದು ಎಸೆಯದೆ, ತೇವ ತಾಗದಂತೆ ಜೋಪಾನ ಮಾಡಿರಿ. ಮುಂದೊಂದು ದಿನ ಯಾರಾದರೂ ಬಂದು ಕೇಳಿಯಾರು; ಆಗ ನಮ್ಮ ಕೈ ಬರಿದಾಗಿರಬಾರದು.